ಊಟದ ಬಿಡುವು ಅರ್ಧವಾದದ್ದು ಯಾವಾಗ?

ಕೆಲಸದ ಅವಧಿಯ ಬಗ್ಗೆ ನಮ್ಮಲ್ಲಿ ಚರ್ಚೆ ಎದ್ದಾಗಲೆಲ್ಲ ಅದು ದೊಡ್ಡ ಅಂಕಿಗಳ ಸುತ್ತಲೇ ಸುತ್ತುತ್ತದೆ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಅದೇ ವರ್ಷ ಸೆಪ್ಟೆಂಬರ್ 3ರಂದು ಮಹಾರಾಷ್ಟ್ರ ಸಚಿವ ಸಂಪುಟ ಅಂಗಡಿ ಮತ್ತು ಕಚೇರಿಗಳ ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೆ, ಕಾರ್ಖಾನೆಗಳದ್ದನ್ನು 9ರಿಂದ 12ಕ್ಕೆ ಏರಿಸಲು ಒಪ್ಪಿತು. ಟಿವಿಯಲ್ಲಿ ವಾದವಿವಾದ ನಡೆಯಿತು, ಕಾರ್ಮಿಕ ಸಂಘಟನೆಗಳು ವಿರೋಧಿಸಿದವು, ನಾವೂ ಲೋಕಲ್ ರೈಲಿನಲ್ಲಿ ನಿಂತು ಮಾತಾಡಿಕೊಂಡೆವು. ಮಧ್ಯಾಹ್ನ ಉಣ್ಣಲು ಎಷ್ಟು ಹೊತ್ತು ಸಿಗುತ್ತದೆ ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಕೇಳಿಬರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಮುಂಬಯಿಯ ಕಚೇರಿ, ಅಂಗಡಿ, ಹೋಟೆಲುಗಳ ನೌಕರರಿಗೆ ಕಾನೂನು ಒಂದು ಕಾಲಕ್ಕೆ ಪೂರ್ತಿ ಒಂದು ಗಂಟೆಯ ಬಿಡುವು ಕೊಟ್ಟಿತ್ತು. ಈಗ ಅದು ಅರ್ಧ ಗಂಟೆ. ಈ ಕಡಿತ ಸದ್ದಿಲ್ಲದೆ ಆಗಿಹೋಯಿತು. ಆ ಗಂಟೆ ಮತ್ತೆ ಪೂರ್ತಿಯಾಗಬೇಕು, ಅದು ದುಡಿಮೆಯ ಅವಧಿಯೊಳಗೇ ಎಣಿಕೆಯಾಗಬೇಕು, ಮತ್ತು ಊರಿಗೆಲ್ಲ ಊಟ ಬಡಿಸುವ ಹೋಟೆಲ್ ಹುಡುಗನಿಗೂ ಅದು ಸಿಗಬೇಕು.

1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ನಿಯಮ ಸ್ಪಷ್ಟವಾಗಿತ್ತು. ಯಾವ ನೌಕರನನ್ನೂ ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಅವನಿಗೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ ಸಿಗಬೇಕು. ವಿನಾಯಿತಿಗಳು ಇದ್ದವು, ಆದರೆ ನಿಯಮ ಒಂದು ಗಂಟೆಯದೇ. ಸ್ವಾತಂತ್ರ್ಯ ಬಂದ ಮರುವರ್ಷ, ದೇಶ ಬಡತನದಲ್ಲಿದ್ದಾಗ, ಗುಮಾಸ್ತನಿಗೂ ಅಂಗಡಿಯ ಆಳಿಗೂ ಒಂದು ಗಂಟೆ ಕೊಡಲು ಈ ಪ್ರಾಂತ್ಯಕ್ಕೆ ಮನಸ್ಸಿತ್ತು. ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ 2017ರ ಡಿಸೆಂಬರ್ 19ರಂದು ಜಾರಿಯಾಯಿತು. ಅಂಗಡಿಗಳನ್ನು ಹಗಲೂ ರಾತ್ರಿ ತೆರೆದಿಡಬಹುದು, ಸುರಕ್ಷತೆಯ ಏರ್ಪಾಡಿದ್ದರೆ ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯಬಹುದು ಎಂಬುದೇ ಆಗ ದೊಡ್ಡ ಸುದ್ದಿ. ಅದೇ ಕಾಯ್ದೆಯ ಒಳಗೆ ಐದು ಗಂಟೆಯ ದುಡಿಮೆಗೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದಿತ್ತು. ಅರುವತ್ತು ನಿಮಿಷ ಮೂವತ್ತಾದದ್ದಕ್ಕೆ ಒಂದು ಮೋರ್ಚಾವೂ ಹೊರಡಲಿಲ್ಲ.

ಕರ್ನಾಟಕದ 1961ರ ಅಂಗಡಿ ಕಾಯ್ದೆ ಕೂಡ ಐದು ಗಂಟೆಯೊಳಗೆ ಒಂದು ಗಂಟೆ ಬಿಡುವು ಎನ್ನುತ್ತದೆ. ಅಲ್ಲಿಯೂ 2025ರಲ್ಲಿ ದಿನದ ಅವಧಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾಪ ಬಂತು. ಇಂಥ ತಿದ್ದುಪಡಿಯ ಕರಡು ಮುಂದೆ ಬಂದಾಗ ಬೆಂಗಳೂರಿನ ಗೆಳೆಯರು ಮೊದಲು ತೆರೆದು ನೋಡಬೇಕಾದದ್ದು ಬಿಡುವಿನ ಕಲಮನ್ನು. ಮಹಾರಾಷ್ಟ್ರದ ಅನುಭವದಿಂದ ನಾನು ಕೊಡಬಲ್ಲ ಎಚ್ಚರಿಕೆ ಇದು.

ಅರ್ಧ ಗಂಟೆ ಎಂಬ ಅಳತೆ ಹುಟ್ಟಿದ್ದೂ ಮುಂಬಯಿಯಲ್ಲೇ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ಸಭೆ ಮಾಡಿದರು. ಅವರು ಜ್ಯೋತಿಬಾ ಫುಲೆಯವರ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ. ಸುಮಾರು 5,500 ಕಾರ್ಮಿಕರ ಸಹಿಯ ಮನವಿಯೊಂದು ಸರ್ಕಾರದ ಆಯೋಗಕ್ಕೆ ಹೋಯಿತು. ಅದರಲ್ಲಿದ್ದ ಬೇಡಿಕೆಗಳನ್ನು ಓದಿದರೆ ಈಗಲೂ ಮನಸ್ಸು ಕಲಕುತ್ತದೆ: ಭಾನುವಾರ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಯಂತ್ರ ನಿಲ್ಲಬೇಕು, ಬೆಳಗ್ಗೆ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಮಾತ್ರ ಕೆಲಸವಿರಬೇಕು, ಸಂಬಳ ಮರುತಿಂಗಳ 15ರೊಳಗೆ ಕೈಸೇರಬೇಕು, ಗಾಯವಾದರೆ ಪರಿಹಾರ ಬೇಕು. ಹೊತ್ತು ಮುಳುಗುವ ತನಕ ದುಡಿಯುತ್ತೇವೆ, ನಡುವೆ ತಿನ್ನಲು ಅರ್ಧ ಗಂಟೆ ಕೊಡಿ ಎಂದು ಕೇಳಿದ ಜನ ಅವರು. ಭಾನುವಾರದ ರಜೆಗೆ ಗಿರಣಿ ಮಾಲೀಕರು 1890ರಲ್ಲಿ ಒಪ್ಪಿದರು. 1891ರ ಕಾರ್ಖಾನೆ ಕಾಯ್ದೆ ಮಧ್ಯಾಹ್ನ 12ರಿಂದ 2ರ ನಡುವೆ ಅರ್ಧ ಗಂಟೆ ಕೆಲಸ ನಿಲ್ಲಬೇಕೆಂದು ಬರೆಯಿತು.

ಆಮೇಲಿನ ಅರ್ಧ ಶತಮಾನದಲ್ಲಿ ದುಡಿಮೆಯ ಅವಧಿ ಇಳಿಯುತ್ತಲೇ ಬಂತು. 1911ರಲ್ಲಿ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆ, 1922ರಲ್ಲಿ 11, 1934ರಲ್ಲಿ 10. ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ರೂಪುಗೊಂಡ 1946ರ ತಿದ್ದುಪಡಿಯಿಂದ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂಬುದು ನೆಲೆಯೂರಿತು. ಅವಧಿ ಹೀಗೆ ಇಳಿಯುತ್ತಿದ್ದಾಗ ಬಿಡುವು ಏರದಿದ್ದರೂ ಹೇಗೋ ಒಪ್ಪಬಹುದು. ಈಗ ಅವಧಿ ಮತ್ತೆ ಏರುತ್ತಿದೆ. ಬಿಡುವು ಮಾತ್ರ ಏರುತ್ತಿಲ್ಲ. ಕಾರ್ಖಾನೆಗಳಿಗೆ ಸಂಬಂಧಿಸಿದ 2025ರ ತೀರ್ಮಾನದಲ್ಲಿ ವಿಶ್ರಾಂತಿ ಐದು ಗಂಟೆಗೆ ಬದಲು ಆರು ಗಂಟೆಯ ನಂತರ ಎಂದಾಯಿತು. ಕೆಲಸ ಬೆಳೆದಾಗ ವಿಶ್ರಾಂತಿಯೂ ಬೆಳೆಯಬೇಕು ಎಂಬುದು ಎತ್ತು ಕಟ್ಟಿ ಹೊಲ ಉಳುವ ರೈತನಿಗೆ ಗೊತ್ತಿರುವ ವಿಷಯ. ಸರ್ಕಾರ ವಿಶ್ರಾಂತಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿತು.

1891ರ ಅರ್ಧ ಗಂಟೆಗೆ ಒಂದು ಹಿನ್ನೆಲೆಯಿತ್ತು. ಮುಂಬಯಿಯ ಗಿರಣಿಗಳ ಪ್ರದೇಶವಾದ ಗಿರಣಗಾಂವಿನ ಕಾರ್ಮಿಕ ಗಿರಣಿಯ ಆಸುಪಾಸಿನ ಚಾಳಿನಲ್ಲೇ ಇರುತ್ತಿದ್ದ. ಗಿರಣಿಯ ಭೋಂಗಾ ಕೂಗಿದರೆ ಮನೆಯವರೋ ಖಾನಾವಳಿಯ ಹೆಂಗಸೋ ಭಾಕರಿ ಹಿಡಿದು ಗೇಟಿಗೆ ಬರಬಹುದಿತ್ತು. ಉಣ್ಣುವ ಜಾಗಕ್ಕೂ ದುಡಿಯುವ ಜಾಗಕ್ಕೂ ನಡುವೆ ನಡೆಯುವಷ್ಟೇ ದೂರ. ಈ ಅಳತೆಯನ್ನು ಹಾಗೇ ಎತ್ತಿ ತಂದು ಇಂದಿನ ಉಪನಗರ ಗೋರೆಗಾಂವಿನ ಮೇಲೆ ಇಟ್ಟರೆ ಅದು ಹೊಂದುವುದಿಲ್ಲ.

ಗೋರೆಗಾಂವ್ ಪೂರ್ವ ಒಂದು ಕಾಲಕ್ಕೆ ಕಾರ್ಖಾನೆಗಳ ಜಾಗ. ಹೆದ್ದಾರಿಯ ಪಕ್ಕದಲ್ಲಿ ನಿರ್ಲಾನಿನ ಕೃತಕ ನೂಲಿನ ಕಾರ್ಖಾನೆ ಇತ್ತು. ನೆಸ್ಕೊ ಎಂದು ಎಲ್ಲರೂ ಕರೆಯುವ ಆವರಣ ನ್ಯೂ ಸ್ಟ್ಯಾಂಡರ್ಡ್ ಇಂಜಿನಿಯರಿಂಗ್ ಕಂಪನಿಯದ್ದು. ಈಗ ಎರಡೂ ಕಡೆ ಗಾಜಿನ ಕಟ್ಟಡಗಳು, ಬ್ಯಾಂಕುಗಳ ಮತ್ತು ಸಾಫ್ಟ್‌ವೇರಿನ ಸಾವಿರಾರು ನೌಕರರು. ಕಾರ್ಖಾನೆ ಕಾಯ್ದೆಯ ಕೆಳಗಿದ್ದ ನೆಲ ಹೀಗೆ ಅಂಗಡಿ ಕಾಯ್ದೆಯ ಕೆಳಗೆ ಬಂತು. ಕಾಗದದ ಮೇಲೆ ಇದು ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಬೇಕಾದ ದಾರಿ. 2017ರಲ್ಲಿ ಆ ಏರಿಕೆ ಅಳಿಸಿಹೋಯಿತು. ಗಿರಣಿಯ ಅಳತೆಯೇ ಕಚೇರಿಗೂ ಬಂತು.

ಇಂಥ ಒಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ನಮ್ಮ ಸೊಸೈಟಿಯ ಹುಡುಗಿಯೊಬ್ಬಳು ಕೆಲಸ ಮಾಡುತ್ತಾಳೆ. ಅವಳ ಅರ್ಧ ಗಂಟೆ ಹೇಗೆ ಕಳೆಯುತ್ತದೆ ಎಂದು ಒಮ್ಮೆ ವಿವರವಾಗಿ ಕೇಳಿದ್ದೆ. ಒಂದು ಗಂಟೆಗೆ ಎಲ್ಲ ಮಹಡಿಯವರೂ ಒಟ್ಟಿಗೇ ಏಳುತ್ತಾರೆ. ಲಿಫ್ಟ್ ಮೇಲಿನಿಂದ ತುಂಬಿಕೊಂಡೇ ಬರುತ್ತದೆ, ಎರಡು ಮೂರು ಬಿಟ್ಟ ಮೇಲೆ ಒಂದರಲ್ಲಿ ಜಾಗ. ಕೆಳಗೆ ಕ್ಯಾಂಟೀನಿನಲ್ಲಿ ಕೂಪನ್ನಿಗೆ ಸಾಲು, ತಟ್ಟೆಗೆ ಸಾಲು. ಮನೆಯಿಂದ ಡಬ್ಬಿ ತಂದರೆ ಮೈಕ್ರೋವೇವಿನ ಮುಂದೆ ಸಾಲು, ಹಿಂದೆ ನಿಂತವರ ಕಣ್ಣು ನಮ್ಮ ಡಬ್ಬಿಯ ಮೇಲೆ. ಕುರ್ಚಿ ಖಾಲಿಯಾಗುವ ತನಕ ಉಣ್ಣುವವರ ಬೆನ್ನ ಹಿಂದೆ ಕಾಯಬೇಕು. ಕೂತ ಮೇಲೆ ಹತ್ತು ನಿಮಿಷ. ಅದರಲ್ಲಿ ಫೋನು ಒಮ್ಮೆಯಾದರೂ ಹೊಡೆದುಕೊಳ್ಳುತ್ತದೆ. ಮೇಲೆ ಬರುವಾಗ ಮತ್ತೆ ಲಿಫ್ಟು. ‘ಆಂಟಿ, ಚಪಾತಿ ತಂದ ದಿನ ಸುರುಳಿ ಮಾಡಿ ಸ್ಕ್ರೀನಿನ ಮುಂದೇ ತಿಂದುಬಿಡ್ತೇನೆ, ಅನ್ನ ತಂದರೆ ಕಷ್ಟ’ ಎಂದಳು. ಒಬ್ಬಳ ಡಬ್ಬಿಯಲ್ಲಿ ಅನ್ನ ಇರಬೇಕೋ ಚಪಾತಿಯೋ ಎಂಬುದನ್ನು ಕಾಯ್ದೆಯ ಒಂದು ಕಲಮು ತೀರ್ಮಾನಿಸುತ್ತಿದೆ.

ಇಲ್ಲಿನ ಹಲವು ಕಚೇರಿಗಳು ಅಮೆರಿಕದ ಗಡಿಯಾರಕ್ಕೆ ನಡೆಯುತ್ತವೆ. ಅಲ್ಲಿ ‘ಲಂಚ್’ ಎಂದರೆ ನಡುರಾತ್ರಿಯ ಊಟ. ಹೊರಗೆ ತಳ್ಳುಗಾಡಿಯ ಆಮ್ಲೆಟ್ ಪಾವ್, ಕಟಿಂಗ್ ಚಹಾ ಬಿಟ್ಟರೆ ಬೇರೆ ದಿಕ್ಕಿಲ್ಲದ ಹೊತ್ತು. ಆ ಹೊತ್ತಿನಲ್ಲಿ ಕಟ್ಟಡದ ಗೇಟಿನಲ್ಲಿರುವ ಸೆಕ್ಯುರಿಟಿ ಕಾವಲುಗಾರ ತನ್ನ ಡಬ್ಬಿಯನ್ನು ಚೌಕಿಯ ಕಪಾಟಿನ ಹಿಂದೆ ಇಟ್ಟು, ಒಂದು ತುತ್ತು ತಿಂದು, ಕಾರು ಬಂದಾಗ ಎದ್ದು ತಡೆಗಂಬ ಎತ್ತಿ, ಮತ್ತೆ ಬಂದು ಕೂರುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಡದೆ ಬಿಡುವು ಕೊಟ್ಟೆವು ಎಂದು ಹಾಜರಿ ಪುಸ್ತಕದಲ್ಲಿ ಬರೆದರೆ ಅದು ಬಿಡುವಲ್ಲ. ಜಾಗ ಬಿಟ್ಟು ಹೋಗಲು ಆಗದವನಿಗೆ ಬಿಡುವು ಸಿಕ್ಕಿತೆಂದು ನಾನು ಒಪ್ಪುವುದಿಲ್ಲ.

ನನ್ನ ವಾದಕ್ಕೆ ಅತ್ಯಂತ ಬಲವಾದ ಆಕ್ಷೇಪ ಬರುವುದು ಮಾಲೀಕರಿಂದಲ್ಲ, ನೌಕರರಿಂದಲೇ. ‘ಒಂದು ಗಂಟೆ ಉಣ್ಣಲು ಕೊಟ್ಟು ಸಂಜೆ ಅರ್ಧ ಗಂಟೆ ಹೆಚ್ಚು ಕೂರಿಸುತ್ತಾರೆ, ಅದಕ್ಕಿಂತ ಹತ್ತು ನಿಮಿಷದಲ್ಲಿ ತಿಂದು ಬೇಗ ವಿರಾರ್ ಲೋಕಲ್ ಹಿಡಿಯುತ್ತೇನೆ’ ಎನ್ನುವವರು ನೂರಾರು ಮಂದಿ. ವಸಾಯಿ, ವಿರಾರ್, ಡೊಂಬಿವಿಲಿ, ಬದ್ಲಾಪುರಗಳಿಂದ ಬರುವವರ ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನನಗಿಲ್ಲ. ಸಂಜೆ ಅರ್ಧ ಗಂಟೆ ತಡವಾದರೆ ಅವರಿಗೆ ಸಿಗುವುದು ಬೇರೆಯೇ ರೈಲು, ಬೇರೆಯೇ ಜನಸಂದಣಿ. 2025ರ ಜೂನ್ 9ರಂದು ಮುಂಬ್ರಾ ಬಳಿ ತುಂಬಿ ತುಳುಕುತ್ತಿದ್ದ ಲೋಕಲ್‌ಗಳ ಬಾಗಿಲಿನಿಂದ ಜನ ಬಿದ್ದು ಸತ್ತರು. ಎಲ್ಲರೂ ಒಂದೇ ಹೊತ್ತಿಗೆ ಹೊರಡುವುದರಿಂದ ಈ ಒತ್ತಡ, ಕೆಲಸದ ವೇಳೆ ಬದಲಿಸಿ ಎಂದು ಮಧ್ಯ ರೈಲ್ವೆ 2023ರಲ್ಲೇ ಕಚೇರಿಗಳಿಗೆ ಪತ್ರ ಬರೆದಿತ್ತು. ತನ್ನ ಸ್ವಂತ ಕಚೇರಿಯಲ್ಲಿ ನವೆಂಬರಿನಿಂದ ಎರಡು ವೇಳೆಗಳನ್ನು ತಂದಿತು: 9.30ರಿಂದ 5.45, 11.30ರಿಂದ 7.45. ಹೆಚ್ಚಿನವರು ಆ ಪತ್ರಕ್ಕೆ ಕಿವಿಗೊಡಲಿಲ್ಲ.

ಹಾಗಾಗಿ ಬಿಡುವನ್ನು ದುಡಿಮೆಗೆ ಹೊರತಾಗಿ ಎಣಿಸುವ ಪದ್ಧತಿಯೇ ಬದಲಾಗಬೇಕು. ಈಗಿನ ಲೆಕ್ಕದಲ್ಲಿ ಊಟದ ಹೊತ್ತು ನೌಕರನ ಸ್ವಂತದ್ದು, ಅಂದರೆ ಅದಕ್ಕೆ ಸಂಬಳವಿಲ್ಲ, ಅದನ್ನು ಸಂಜೆ ತುಂಬಿಕೊಡಬೇಕು. ಸ್ವಂತದ್ದಾದರೆ ಅವನು ಅದನ್ನು ಎಲ್ಲಿ ಬೇಕಾದರೂ ಕಳೆಯಬಹುದಲ್ಲವೇ? ಊರಿನಲ್ಲಿ ಮನೆಗೆ ಹೋಗಿ ಉಂಡು, ಚಾಪೆಯ ಮೇಲೆ ಸ್ವಲ್ಪ ಮೈಚಾಚಿ ಬರುವ ಗುಮಾಸ್ತರನ್ನು ನಾವೆಲ್ಲ ನೋಡಿದ್ದೇವೆ. ಗೋರೆಗಾಂವಿನಲ್ಲಿ ಅದು ಆಗದ ಮಾತು. ಆ ಒಂದು ಗಂಟೆಯೂ ಅವನು ಕೆಲಸದ ಕಾರಣಕ್ಕೇ ಅಲ್ಲಿರುತ್ತಾನೆ, ಕೆಲಸದ ಕಾರಣಕ್ಕೇ ಹೊರಗಿನ ಊಟ ಉಣ್ಣುತ್ತಾನೆ. ಆದ್ದರಿಂದ ಆ ಗಂಟೆ ದಿನದ ದುಡಿಮೆಯ ಅವಧಿಯೊಳಗೆ ಸೇರಬೇಕು. ಆಗ ವಿರಾರಿನವನ ರೈಲೂ ತಪ್ಪುವುದಿಲ್ಲ, ಅವನ ಊಟವೂ ತಪ್ಪುವುದಿಲ್ಲ.

ಉತ್ಪಾದನೆ ಕುಸಿಯುತ್ತದೆ ಎನ್ನುವವರಿಗೆ ಎರಡು ಸಂಗತಿಗಳನ್ನು ನೆನಪಿಸಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಭಾರತದ ದುಡಿಯುವವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ವಾರಕ್ಕೆ 49 ಗಂಟೆ ಅಥವಾ ಅದಕ್ಕೂ ಮೇಲೆ ದುಡಿಯುತ್ತಾರೆ. ಹೆಚ್ಚು ಹೊತ್ತು ಕೂತರೆ ದೇಶ ಶ್ರೀಮಂತವಾಗುವುದಾಗಿದ್ದರೆ ನಾವು ಎಂದೋ ಆಗಿರಬೇಕಿತ್ತು. ಅದೇ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೇಲಿನ ದುಡಿಮೆಯಿಂದ ಬಂದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ 2016 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7.45 ಲಕ್ಷ ಜನ ಸತ್ತಿದ್ದರು. ಹೊತ್ತಿಗೆ ಸರಿಯಾಗಿ ಉಣ್ಣದೆ, ಪ್ರಯಾಣವನ್ನೂ ಸೇರಿಸಿದರೆ ಹದಿಮೂರು ಹದಿನಾಲ್ಕು ಗಂಟೆ ಮನೆಯ ಹೊರಗಿರುವ ಊರಿನಲ್ಲಿ ಈ ಸಂಖ್ಯೆಯನ್ನು ದೂರದ ಸುದ್ದಿಯಂತೆ ಓದಲು ನನಗಾಗುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲಿ ‘ಲಂಚ್ ಟೈಮ್’ ಎಂಬ ಹಲಗೆ ಇಟ್ಟು ಕೌಂಟರ್ ಖಾಲಿ ಬಿಟ್ಟು ಹೋಗುವವರ ಬಗ್ಗೆ ಜನರ ಸಿಟ್ಟು ನ್ಯಾಯವಾದದ್ದೇ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ ತನ್ನ ನೌಕರರು ಒಂದರಿಂದ ಎರಡು ಗಂಟೆಯ ನಡುವೆ ಅರ್ಧ ಗಂಟೆ ಮಾತ್ರ ಊಟಕ್ಕೆ ಹೋಗಬೇಕು ಎಂದು ಆದೇಶಿಸಿದ್ದು ಇಂಥ ದೂರುಗಳಿಂದಲೇ. ಆದರೆ ಕೌಂಟರ್ ಖಾಲಿ ಬೀಳುವುದು ಎಲ್ಲರೂ ಒಟ್ಟಿಗೆ ಎದ್ದಾಗ. ಸರದಿಯಂತೆ ಕಳಿಸಿದರೆ ಒಂದು ಗಂಟೆ ಕೊಟ್ಟೂ ಕೌಂಟರ್ ನಡೆಸಬಹುದು. ಸಿಬ್ಬಂದಿಯ ಕೊರತೆಯನ್ನು ಊಟದ ಹೊತ್ತಿನಿಂದ ಕಿತ್ತು ತುಂಬಿಸಬಾರದು, ಅಷ್ಟೇ.

ಡಬ್ಬಿ ತುಂಬುವವರ ಸಮಯ ಈ ಲೆಕ್ಕಗಳಲ್ಲೆಲ್ಲೂ ಬರುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಏಳೂವರೆಯ ಲೋಕಲ್ ಹಿಡಿಯಬೇಕಾದ ಹೆಂಗಸು ಐದಕ್ಕೇ ಎದ್ದು ಮೂರು ಡಬ್ಬಿ ಕಟ್ಟುತ್ತಾಳೆ. ಸಂಜೆ ಮರಳುವಾಗ ಲೇಡೀಸ್ ಡಬ್ಬಿಯಲ್ಲಿ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರವಿ ಮೆಂತ್ಯೆ ಸೊಪ್ಪು ಬಿಡಿಸುವವರನ್ನು ಯಾವ ದಿನ ಬೇಕಾದರೂ ನೋಡಬಹುದು. ಕಚೇರಿಯ ದಿನವನ್ನು ಒಂದು ಗಂಟೆ ಹಿಗ್ಗಿಸುವ ತೀರ್ಮಾನ ಇವಳ ದಿನದಲ್ಲಿ ಯಾವ ತುದಿಯನ್ನು ಎಳೆಯುತ್ತದೆ ಎಂದು ಸಚಿವ ಸಂಪುಟದ ಮುಂದೆ ಯಾರಾದರೂ ಇಟ್ಟಿದ್ದರೇ?

ಈಗ ನಮ್ಮವರ, ಅಂದರೆ ಮುಂಬಯಿ ಕನ್ನಡಿಗರ, ವಿಷಯ. ಈ ಊರಿನ ಮಧ್ಯಾಹ್ನದ ಹಸಿವನ್ನು ತಣಿಸಿದವರಲ್ಲಿ ಪುಣೆ ಸೀಮೆಯ ಡಬ್ಬಾವಾಲಾಗಳು ಒಂದು ಕಡೆ, ದಕ್ಷಿಣ ಕನ್ನಡ ಮತ್ತು ಉಡುಪಿಯ ಹೋಟೆಲಿನವರು ಇನ್ನೊಂದು ಕಡೆ. ಡಬ್ಬಾವಾಲಾಗಳ ಕಸುಬು 1890ರ ಹೊತ್ತಿಗೆ ಶುರುವಾದದ್ದು, ಕಚೇರಿಗೆ ಒಂದು ನಿಶ್ಚಿತ ಊಟದ ಹೊತ್ತು ಇದೆ ಎಂಬ ನಂಬಿಕೆಯ ಮೇಲೆಯೇ ಅದು ನಿಂತಿದೆ. ಹೋಟೆಲಿನವರು ಮಾಟುಂಗಾದಿಂದ ಬೊರಿವಿಲಿಯ ತನಕ, ಗೋರೆಗಾಂವಿನ ಸ್ಟೇಷನ್ ರಸ್ತೆಯಲ್ಲೂ, ರೈಸ್ ಪ್ಲೇಟ್ ಬಡಿಸಿ ಲಕ್ಷಾಂತರ ಗುಮಾಸ್ತರನ್ನು ಸಾಕಿದರು. ಹನ್ನೆರಡು ಹದಿಮೂರರ ವಯಸ್ಸಿಗೇ ಊರು ಬಿಟ್ಟು ಬಂದ ಮಾಣಿಗಳು ಹಗಲೆಲ್ಲ ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿಕೊಂಡ ಕಥೆ ನಮ್ಮ ಸಮುದಾಯದ ಹೆಮ್ಮೆ. ಸಂಜೆ ಶಾಲೆಗೆ ಹೋಗಿ ಬಾ ಎಂದು ಬಿಟ್ಟುಕೊಟ್ಟ ಧಣಿಗಳು ಅಂದು ಇದ್ದರು. ಕಾಯ್ದೆ ಕೇಳದಿದ್ದರೂ ಕೊಟ್ಟ ಬಿಡುವು ಅದು.

ಆ ಹೋಟೆಲಿನ ಸಪ್ಲೈಯರ್ ಇಂದು ಯಾವಾಗ ಉಣ್ಣುತ್ತಾನೆ? ಊರಿನ ಊಟದ ಗಂಟೆಯೇ ಅವನ ದುಡಿಮೆಯ ಗಂಟೆ. ಒಂದರಿಂದ ಮೂರರ ತನಕ ಅವನ ಕೈಯಲ್ಲಿ ನಾಲ್ಕು ತಟ್ಟೆ, ಬಾಯಲ್ಲಿ ಆರು ಮೇಜಿನ ಆರ್ಡರು. ಮೂರೂವರೆಗೆ ಅಡುಗೆಮನೆಯ ಮೂಲೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ, ಉಳಿದ ಅನ್ನಕ್ಕೆ ತಳದ ಸಾಂಬಾರು ಹೊಯ್ದುಕೊಂಡು ನಿಂತೇ ಉಣ್ಣುತ್ತಾನೆ. ನಾಲ್ಕಕ್ಕೆ ಸಂಜೆಯ ತಿಂಡಿಯ ಗಿರಾಕಿ. ಬೆಳಗ್ಗೆ ಆರಕ್ಕೆ ಇಡ್ಲಿಯ ಹಬೆಯಲ್ಲಿ ಶುರುವಾದ ದಿನ ರಾತ್ರಿ ಹನ್ನೊಂದಕ್ಕೆ ನೆಲ ಒರೆಸುವುದರಲ್ಲಿ ಮುಗಿಯುತ್ತದೆ. 1948ರ ಕಾಯ್ದೆ ಉಪಾಹಾರ ಗೃಹಗಳನ್ನು ಹೆಸರಿಸಿ, ಎಷ್ಟೇ ಚಿಕ್ಕದಿರಲಿ, ತನ್ನೊಳಗೆ ಸೇರಿಸಿಕೊಂಡಿತ್ತು. 2017ರ ಕಾಯ್ದೆಯ ಅವಧಿಯ ನಿಯಮಗಳು ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿಗೆ ಮಾತ್ರ. 2025ರ ತೀರ್ಮಾನ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿತು. ಎಂಟು ಹತ್ತು ಹುಡುಗರಿಂದ ನಡೆಯುವ ಗಲ್ಲಿಯ ಹೋಟೆಲು, ಜ್ಯೂಸ್ ಸೆಂಟರು, ಖಾನಾವಳಿಗಳ ಆಳುಗಳಿಗೆ ಇಷ್ಟು ಹೊತ್ತು ಉಣ್ಣಲು ಬಿಡಲೇಬೇಕು ಎಂದು ಹೇಳುವ ಸಾಲು ಆ ಕಾಯ್ದೆಯಲ್ಲಿ ಈಗ ಉಳಿದಿಲ್ಲ. ತಪಾಸಣೆಗೆ ಬರುತ್ತಿದ್ದ ಇನ್‌ಸ್ಪೆಕ್ಟರನ ಹೆಸರೂ ‘ಫೆಸಿಲಿಟೇಟರ್’ ಎಂದಾಗಿದೆ.

ಇದಕ್ಕೆ ಬೇಕಾದದ್ದು ಕಷ್ಟದ ಪರಿಹಾರವೇನಲ್ಲ. ಮಹಾರಾಷ್ಟ್ರದ ಕಾಯ್ದೆಯಲ್ಲಿ ‘ಅರ್ಧ ಗಂಟೆ’ ಇರುವಲ್ಲಿ ‘ಒಂದು ಗಂಟೆ’ ಎಂದು ಮತ್ತೆ ಬರೆಯಬೇಕು. ಆ ಗಂಟೆಗೆ ಸಂಬಳವಿರಬೇಕು. ಜಾಗ ಬಿಟ್ಟು ಹೋಗಲಾಗದ ಕಾವಲುಗಾರ, ಲಿಫ್ಟ್ ಆಪರೇಟರ್‌ಗಳಿಗೆ ಬದಲಿ ಆಳು ಕೊಡುವ ಹೊಣೆ ಅವರನ್ನು ಕಳಿಸುವ ಏಜೆನ್ಸಿಯದ್ದಷ್ಟೇ ಅಲ್ಲ, ಕಟ್ಟಡದ ಮಾಲೀಕನದ್ದೂ ಆಗಬೇಕು. ಇಪ್ಪತ್ತು ಜನರ ಮಿತಿಯಿಂದ ಹೋಟೆಲುಗಳನ್ನು ಹೊರಗಿಡಬೇಕು. ದಿನಕ್ಕೆ 10 ಗಂಟೆ ದುಡಿಸುವುದೇ ಇದ್ದರೆ ಎರಡನೆಯ ಬಿಡುವೂ ಕಡ್ಡಾಯವಾಗಬೇಕು.

ಕಾಯ್ದೆಗೆ ಕಾಯದೆ ನಮ್ಮವರೇ ಮಾಡಬಹುದಾದದ್ದೂ ಇದೆ. ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಹಳೆಯ ಊಟದ ಮನೆಗಳಲ್ಲಿ ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಬಾಗಿಲು ಹಾಕಿ ರಾತ್ರಿಯ ಊಟಕ್ಕೆ ಮತ್ತೆ ತೆರೆಯುವ ಕ್ರಮವಿದೆ. ಬಾಗಿಲು ಹಾಕಿದ್ದರಿಂದ ಗಿರಾಕಿ ತಪ್ಪಿಹೋಗಲಿಲ್ಲ, ಜನ ಇವತ್ತಿಗೂ ಸಾಲಿನಲ್ಲಿ ನಿಂತು ಉಣ್ಣುತ್ತಾರೆ. ಉಪನಗರದ ನಮ್ಮ ಹೋಟೆಲುಗಳು ಪೂರ್ತಿ ಬಾಗಿಲು ಹಾಕಬೇಕಾಗಿಲ್ಲ. ಮೂರರಿಂದ ಐದರ ನಡುವೆ ಅರ್ಧ ಹುಡುಗರು ಒಂದು ಗಂಟೆ, ಉಳಿದವರು ಮುಂದಿನ ಗಂಟೆ, ಕೂತು ಬಾಳೆಲೆಯಲ್ಲೋ ತಟ್ಟೆಯಲ್ಲೋ ಬಿಸಿ ಅನ್ನ ಉಂಡು ಕಾಲು ಚಾಚಲಿ. ನಮ್ಮ ಜಾತಿ ಸಂಘಗಳ, ಕರ್ನಾಟಕ ಸಂಘಗಳ ಪದಾಧಿಕಾರಿಗಳಲ್ಲಿ ಹೋಟೆಲ್ ಉದ್ಯಮಿಗಳು ಎಷ್ಟೋ ಜನ. ಅವರಲ್ಲಿ ಹಲವರು ಸ್ವತಃ ಲೋಟ ತೊಳೆದು ಮೇಲೆ ಬಂದವರು, ನಿಂತು ಉಂಡ ಊಟದ ರುಚಿ ಗೊತ್ತಿದ್ದವರು. ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಈ ಒಂದು ಗಂಟೆಯನ್ನು ಅವರು ಸೇರಿಸಲಿ ಎಂದು ನಾನು ಕೇಳುತ್ತಿದ್ದೇನೆ.